ಉರುಕುಂದಮ್ಮ ಬಿಡದೆ ಓದಿದ ಸಾಲು

ಆಂಧ್ರದ ಆದೋನಿ ಬಿಟ್ಟು ಆಲೂರಿನ ದಾರಿ ಹಿಡಿದರೆ, ಊರು ಮುಗಿದು ಎರಡು ಮೈಲಿಗೆ ಎಡಗಡೆ ಸೋಮಶೇಖರಪ್ಪನವರ ಹತ್ತಿ ಮಿಲ್ಲು ಸಿಗುತ್ತದೆ. ತಗಡಿನ ಉದ್ದನೆಯ ಶೆಡ್ಡುಗಳು, ಅಂಗಳದ ತುಂಬ ಸುರಿದ ಹತ್ತಿಯ ರಾಶಿಗಳು, ಬೇವಿನ ಮರದ ಎಲೆಗಳ ಮೇಲೂ ಬಿಳಿ ಅರಳೆ. ಸೀಸನ್ನಿನಲ್ಲಿ ಬೆಳಿಗ್ಗೆ ಏಳೂವರೆಗೆ ಗೇಟಿನ ಒಳಗೆ, ಲಾರಿ ತೂಗುವ ಕಾಟಾದ ಪಕ್ಕದಲ್ಲಿ ಉರುಕುಂದಮ್ಮ ನಿಂತಿರುತ್ತಾಳೆ. ಕೆಲಸಕ್ಕೆ ಬರುವ ಮೂವತ್ತಾರು ಹೆಂಗಸರೂ ಅವಳ ಮುಂದೆ ಹಾದೇ ಒಳಗೆ ಹೋಗಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೋ ಇಲ್ಲವೋ, ಜಡೆಯನ್ನು ಗಂಟು ಹಾಕಿದ್ದಾರೋ ಇಲ್ಲವೋ ಎಂದು ಮೊದಲು ನೋಡುತ್ತಾಳೆ. ಓಡುವ ಬೆಲ್ಟುಗಳಿರುವ ಜಾಗದಲ್ಲಿ ಅದು ಬೇಕೇ ಬೇಕು. ಆಮೇಲೆ ಮುಖ ನೋಡುತ್ತಾಳೆ.

"ಉಂಡು ಬಂದಿಯೇನ?"

"ಹೂಂ ಅಕ್ಕಾ."

"ಸುಳ್ಳ ಹೇಳಬ್ಯಾಡ. ಒಳಗ ನನ್ನ ಡಬ್ಬಿ ಐತಿ, ಒಂದು ರೊಟ್ಟಿ ತಿಂದು ಕುಂದ್ರು."

ಇಷ್ಟೇ ಅವಳ ಮೇಸ್ತ್ರಿಕೆ. ಕೂಗುವುದು, ಗದರುವುದು ಅವಳಿಗೆ ಬರುವುದಿಲ್ಲ. ಯಂತ್ರಗಳ ಸದ್ದಿನಲ್ಲಿ ಕೂಗಿದರೂ ಯಾರಿಗೂ ಕೇಳುವುದಿಲ್ಲವಲ್ಲ ಎಂದು ನಗುತ್ತಾಳೆ.

ಹೊಳಗುಂದದ ಕಡೆಯ ಒಂದು ಹಳ್ಳಿ ಅವಳ ತವರು. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದಳು. ಹದಿನೆಂಟಕ್ಕೆ ಆದೋನಿಯ ಆಂಜಿನಪ್ಪನಿಗೆ ಕೊಟ್ಟರು. ಆಂಜಿನಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಮದುವೆಯಾದ ವರ್ಷವೇ ಅವಳು ಈ ಮಿಲ್ಲಿಗೆ ಬಂದು ಬುಟ್ಟಿ ಹೊರುವ ಕೆಲಸಕ್ಕೆ ನಿಂತಳು. ಆಮೇಲೆ ಹತ್ತಿ ಆರಿಸುವ ಮೇಜಿಗೆ ಕೂತಳು. ಕೂತು ಹದಿನೇಳು ವರ್ಷ ಕಳೆದವು. ಮಗಳು ಹುಟ್ಟಿದಳು, ಬೆಳೆದಳು, ಆಲೂರಿಗೆ ಮದುವೆಯಾಗಿ ಹೋದಳು.

ಮೇಸ್ತ್ರಿಯಾಗಿದ್ದು ಎಂಟು ವರ್ಷದ ಹಿಂದೆ. ಒಂದು ಮಧ್ಯಾಹ್ನ ಮೇಜಿನಿಂದ ಎದ್ದು ಬಂದು ಫಿಟ್ಟರ್ ಬಜಾರಪ್ಪನಿಗೆ, "ಎರಡನೇ ಜಿನ್ ನಿಲ್ಲಸ್ರಿ" ಎಂದಳು. ಜಿನ್ ಎಂದರೆ ಹತ್ತಿಯ ಬೀಜ ಬಿಡಿಸಿ ಅರಳೆ ಮಾಡುವ ಯಂತ್ರ. ಅಂಗಳದಲ್ಲಿ ಲಾರಿಗಳು ಸಾಲುಗಟ್ಟಿದ್ದವು. ಆಗಿನ ಮೇಸ್ತ್ರಿ ಬೈದ. ಅವಳು ಅಲ್ಲಿಂದ ಕದಲಲಿಲ್ಲ. ಬಜಾರಪ್ಪ ಬೇಸರದಲ್ಲೇ ಯಂತ್ರ ನಿಲ್ಲಿಸಿ ಮುಚ್ಚಳ ತೆಗೆದು ನೋಡಿದರೆ ಬೇರಿಂಗು ಕೆಂಡದಂತೆ ಕಾದಿತ್ತು. ಸುತ್ತಲೂ ಒಣ ಅರಳೆ. ಇನ್ನರ್ಧ ಗಂಟೆ ಓಡಿದ್ದರೆ ಶೆಡ್ಡೇ ಉರಿದುಹೋಗುತ್ತಿತ್ತು.

ಸೋಮಶೇಖರಪ್ಪನವರು ಅವಳನ್ನು ಕರೆಸಿ ಕೇಳಿದರು. "ನಿನಗ ಹೆಂಗ ಗೊತ್ತಾತಮ್ಮಾ?"

"ದಿನಾ ಬರೋ ವಾಸನಿ ಬ್ಯಾರೆ ಇರತೈತ್ರಿ. ಇವತ್ತಿನ ವಾಸನಿ ಬ್ಯಾರೆ ಇತ್ರಿ."

ಮುಂದಿನ ಸೀಸನ್ನಿಗೆ ಹಳೆಯ ಮೇಸ್ತ್ರಿ ಬೇರೆ ಮಿಲ್ಲಿಗೆ ಹೋದಾಗ ಸೋಮಶೇಖರಪ್ಪನವರು ಆ ಕೆಲಸವನ್ನು ಅವಳಿಗೆ ಕೊಟ್ಟರು. ಹೆಂಗಸನ್ನು ಮೇಸ್ತ್ರಿ ಮಾಡಿದ್ದಕ್ಕೆ ಆಚೀಚೆಯ ಮಿಲ್ಲಿನವರು ನಕ್ಕರಂತೆ. ಎರಡು ವರ್ಷ ನಕ್ಕು ಆಮೇಲೆ ಮರೆತರು.

ಮೇಸ್ತ್ರಿಯಾದ ದಿನವೇ ಅವಳು ಒಂದು ನೋಟ್‌ಬುಕ್ಕು ಇಟ್ಟಳು. ಮಿಲ್ಲಿನ ರಿಜಿಸ್ಟರುಗಳೆಲ್ಲ ತೆಲುಗು, ಇಂಗ್ಲಿಷಿನಲ್ಲಿದ್ದವು. ಅವಳ ನೋಟ್‌ಬುಕ್ಕು ಮಾತ್ರ ಕನ್ನಡದಲ್ಲಿ. ಯಾವ ರಾಶಿಯ ಹತ್ತಿ ಯಾವ ಮೇಜಿಗೆ ಹೋಯಿತು, ಯಾರು ಎಲ್ಲಿ ಕೂತರು, ಯಾರಿಗೆ ಮೈ ಸರಿಯಿಲ್ಲ, ಯಾರು ಮನೆಯಲ್ಲಿ ಜಗಳವಾಡಿ ಬಂದಿದ್ದಾರೆ, ಎಲ್ಲವನ್ನೂ ಒಂದೊಂದು ಸಾಲಿನಲ್ಲಿ ಬರೆಯುತ್ತಿದ್ದಳು. ಸಂಜೆ ಹೊರಡುವ ಮುಂಚೆ ಅದನ್ನೊಮ್ಮೆ ಓದಿ, ಮರುದಿನ ಯಾರನ್ನು ಏನು ಕೇಳಬೇಕೆಂದು ನೆನಪಿಟ್ಟುಕೊಳ್ಳುತ್ತಿದ್ದಳು.

ನಾನು ಹೇಳಲು ಹೊರಟಿರುವುದು ಹೋದ ಸೀಸನ್ನಿನಲ್ಲಿ ನಡೆದದ್ದು.

ಆ ಹೊತ್ತಿಗೆ ಸೋಮಶೇಖರಪ್ಪನವರಿಗೆ ಮಂಡಿ ನೋವು ಹೆಚ್ಚಾಗಿ, ಬೆಳಿಗ್ಗೆ ಪೂಜೆಗೆ ಬಂದು ಹೋಗುವುದಷ್ಟೇ ಉಳಿದಿತ್ತು. ಮಿಲ್ಲನ್ನು ಅವರ ಮಗ ವಾಗೀಶ್ ನೋಡಿಕೊಳ್ಳುತ್ತಿದ್ದ. ಮೂವತ್ತೊಂದು ವರ್ಷ. ಹಾಸ್ಟೆಲಿನಲ್ಲಿ ತೆಲುಗು, ಇಂಗ್ಲಿಷು ಓದಿ ಬೆಳೆದವನು. ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದ, ಕನ್ನಡದ ಅಕ್ಷರ ಮಾತ್ರ ಬರುತ್ತಿರಲಿಲ್ಲ. ಕೆಟ್ಟವನಲ್ಲ, ಅವಸರದವನು. ಹೊಸ ಯಂತ್ರ ತರಿಸಬೇಕು, ದೊಡ್ಡ ದೊಡ್ಡ ನೂಲಿನ ಮಿಲ್ಲುಗಳಿಗೆ ಅರಳೆ ಕಳಿಸಬೇಕು ಎಂಬ ಆಸೆ ಇತ್ತು. ಆ ವರ್ಷ ಕೊಯಮತ್ತೂರಿನ ಕಡೆಯ ಒಂದು ಮಿಲ್ಲು ಮೊದಲ ಸಲ ಇವರಿಂದ ಒಂದು ಲೋಡು ಅರಳೆ ತರಿಸಿಕೊಂಡಿತು.

ಫೆಬ್ರವರಿಯ ಒಂದು ಬೆಳಿಗ್ಗೆ ಆ ಮಿಲ್ಲಿನಿಂದ ಫೋನು ಬಂತು, ಹಿಂದೆಯೇ ಫೋಟೋಗಳು ಬಂದವು. ಬಣ್ಣ ಹಾಕಿದ ನೀಲಿ ಬಟ್ಟೆ, ಅದರ ಮೇಲೆ ಅಲ್ಲಲ್ಲಿ ಬಿಳಿ ಗೀರು. ಅರಳೆಯಲ್ಲಿ ಪ್ಲಾಸ್ಟಿಕ್ ದಾರ ಸೇರಿತ್ತು. ರೈತರು ಹತ್ತಿ ಬಿಡಿಸಿ ಹಳೆಯ ಯೂರಿಯಾ ಚೀಲದಲ್ಲಿ ತುಂಬಿ ತರುತ್ತಾರೆ. ಚೀಲದ ಬಾಯಿ ಹರಿದು ಎಳೆಗಳು ಹತ್ತಿಗೆ ಅಂಟಿಕೊಳ್ಳುತ್ತವೆ. ಬಿಳಿ ಹತ್ತಿಯಲ್ಲಿ ಬಿಳಿ ಎಳೆ. ನೂಲಾಗಿ ಬಟ್ಟೆಯಾದ ಮೇಲೆ ಅದೊಂದು ಬಣ್ಣ ಹಿಡಿಯುವುದಿಲ್ಲ. ಆ ಎಳೆಗಳನ್ನು ಆರಿಸಿ ತೆಗೆಯುವುದಕ್ಕೇ ಮಿಲ್ಲಿನಲ್ಲಿ ಆರು ಮೇಜುಗಳೂ ಮೂವತ್ತಾರು ಹೆಂಗಸರೂ ಇರುವುದು. ಕೊಯಮತ್ತೂರಿನವರು ಬಿಚ್ಚದೆ ಉಳಿದಿದ್ದ ನಲವತ್ತು ಬೇಲುಗಳನ್ನು, ಅಂದರೆ ಒತ್ತಿ ಕಟ್ಟಿದ ಅರಳೆಯ ಮೂಟೆಗಳನ್ನು, ವಾಪಸ್ಸು ಕಳಿಸುತ್ತೇವೆ, ಯಾಕೆ ಹೀಗಾಯಿತೆಂದು ಬರೆದು ತಿಳಿಸಿ ಎಂದಿದ್ದರು.

ವಾಗೀಶ್ ಉರುಕುಂದಮ್ಮನನ್ನು ಆಫೀಸಿಗೆ ಕರೆಸಿದ. ಸ್ಟೋರು ನೋಡಿಕೊಳ್ಳುವ ತಿಪ್ಪೇಶನೂ ಅಲ್ಲಿದ್ದ. ಬೇಲುಗಳ ಮೇಲಿನ ನಂಬರಿನಿಂದ ತಾರೀಖೂ ರಾಶಿಯೂ ಗೊತ್ತಾಗಿದ್ದವು. ಜನವರಿ ಹತ್ತೊಂಬತ್ತರಿಂದ ಇಪ್ಪತ್ತೆರಡು, ನಾಲ್ಕನೆಯ ರಾಶಿ.

"ಆ ನಾಲ್ಕು ದಿನ ಆ ಹತ್ತಿ ಯಾವ ಮೇಜಿಗೆ ಹೋಗೇತಿ? ನಿಮ್ಮ ನೋಟ್‌ಬುಕ್ ತೆಗೀರಿ" ಎಂದ ವಾಗೀಶ್.

ಅವಳು ತೆಗೆದಳು. ಅವನು ಕೈ ಚಾಚಿ ಇಸಿದುಕೊಂಡು ಪುಟ ತಿರುಗಿಸಿದ. ಅಕ್ಷರ ಗೊತ್ತಾಗದೆ ತಿಪ್ಪೇಶನಿಗೆ ಕೊಟ್ಟ. ತಿಪ್ಪೇಶನೂ ತೆಲುಗು ಶಾಲೆಯವನೇ. ನೋಟ್‌ಬುಕ್ಕು ತಿರುಗಿ ಅವಳ ಕೈಗೆ ಬಂತು.

"ನೀವ ಓದ್ರಿ."

ಹತ್ತೊಂಬತ್ತನೆಯ ತಾರೀಖಿನ ಪುಟ ತೆರೆದಾಗ ಉರುಕುಂದಮ್ಮನಿಗೆ ಅಲ್ಲಿ ಏನಿದೆ ಎಂದು ಓದುವ ಮೊದಲೇ ನೆನಪಾಯಿತು. ತನ್ನದೇ ಕೈಬರಹ, ತನ್ನದೇ ಮಾತು. ಆ ಕೋಣೆಯಲ್ಲಿ ಅದನ್ನು ಓದಬಲ್ಲವಳು ತಾನೊಬ್ಬಳೇ ಎಂಬುದೂ ಅವಳಿಗೆ ಆ ಕ್ಷಣ ಹೊಳೆಯದೆ ಇರಲಿಲ್ಲ. ಸಾಲಿನ ಮೇಲೆ ಬೆರಳಿಟ್ಟು ಓದಿದಳು.

"ಹತ್ತೊಂಬತ್ತು. ನಾಲ್ಕನೆಯ ರಾಶಿ, ಮೂರನೆಯ ಮೇಜು. ದಸ್ತಗಿರಮ್ಮ, ಶಿವಲಕ್ಷ್ಮಿ, ಇನ್ನೂ ನಾಲ್ಕು ಮಂದಿ. ಮೇಜಿನ ಮ್ಯಾಲಿನ ಟ್ಯೂಬ್‌ಲೈಟು ಇನ್ನೂ ಹತ್ತವಲ್ದು. ದಸ್ತಗಿರಮ್ಮ ಹತ್ತಿಯನ್ನು ಕಣ್ಣಿನ ಹತ್ತಿರ ಹಿಡಿದು, ತಲೆ ವಾಲಿಸಿ ನೋಡುತ್ತಾಳೆ. ಕಣ್ಣಿಗೆ ಏನಾಗಿದೆಯೋ, ಕೇಳಬೇಕು."

ಮುಂದಿನ ಸಾಲನ್ನೂ ಓದಿದಳು. "ಇಪ್ಪತ್ತು. ಕೇಳಲಿಲ್ಲ. ಲಾರಿ ಬಹಳ ಇದ್ದವು."

ವಾಗೀಶ್ ಕುರ್ಚಿ ಹಿಂದಕ್ಕೆ ತಳ್ಳಿದ.

"ಅಂದ್ರ ಆಕಿಗೆ ಕಣ್ಣು ಕಾಣಂಗಿಲ್ಲ. ಕಾಣದಾಕಿನ್ನ ಕುಂದ್ರಿಸೀರಿ" ಎಂದ ವಾಗೀಶ್. "ನಾಳಿಂದ ಆಕಿ ಬರೋದು ಬ್ಯಾಡ."

"ಆಕಿನ್ನ ಅಲ್ಲಿ ಕುಂದ್ರಿಸಿದಾಕಿ ನಾನ್ರಿ. ಆಕಿ ತಲಿ ವಾಲಿಸಾದು ಕಂಡೀನಿ, ಬರದೀನಿ, ಕೇಳಿಲ್ಲ. ಲೈಟಿಂದು ಎರಡು ಸಲ ಸ್ಟೋರಿಗೆ ಹೇಳಿದೆ, ಮೂರನೇ ಸಲ ಹೇಳಲಿಲ್ಲ. ಬಿಡಿಸಬೇಕಂದ್ರ ಮೊದಲು ನನ್ನನ್ನ ಬಿಡಿಸ್ರಿ."

ಅದು ಬೆದರಿಕೆಯ ಮಾತಾಗಿರಲಿಲ್ಲ. ಆದರೆ ಬೆಳಗಿನಿಂದ ಫೋನಿನಲ್ಲಿ ಬೈಸಿಕೊಂಡಿದ್ದ ವಾಗೀಶನಿಗೆ ಹಾಗೇ ಕೇಳಿಸಿತು. ಮುಖ ಕೆಂಪಾಯಿತು. "ಆತು. ನಾಳಿಂದ ತಿಪ್ಪೇಶ ಮೇಜುಗಳನ್ನ ನೋಡಿಕೊಳ್ತಾನ. ನೀವು ಬೇಕಂದ್ರ ಮೇಜಿಗೆ ಕುಂದರ್ರಿ" ಎಂದುಬಿಟ್ಟ.

"ದಸ್ತಗಿರಮ್ಮನೂ ಕುಂದರ್ತಾಳ್ರಿ. ಆಕಿ ಆರಿಸಿದ್ದನ್ನ ನಾನು ಇನ್ನೊಮ್ಮೆ ಆರಸ್ತೀನಿ" ಎಂದಳು ಉರುಕುಂದಮ್ಮ. ಅವನು ಫೋನು ಎತ್ತಿಕೊಂಡ. ಬೇಡವೆಂದು ಹೇಳಲಿಲ್ಲ.

ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಎಲ್ಲವನ್ನೂ ಗಂಡನಿಗೆ ಹೇಳಿದಳು. ಆಂಜಿನಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಒಲೆಯ ಹತ್ತಿರ ಕೂತ.

"ಅಲ್ಲಲೇ, ಇಬ್ಬರಿಗೂ ಕನ್ನಡ ಓದಾಕ ಬರಂಗಿಲ್ಲ. ಒಂದು ಸಾಲು ಬಿಟ್ಟು ಓದಿದ್ರ ಏನಾಗ್ತಿತ್ತು?"

"ಬರದಾಕಿ ನಾನ ಇದ್ದೆನಲ್ಲ" ಎಂದಳು ಅವಳು.

"ಅದೂ ಖರೇ" ಎಂದು ಆಂಜಿನಪ್ಪ ಎರಡನೆಯ ರೊಟ್ಟಿಗೆ ಕೈ ಚಾಚಿದ. ಆಮೇಲೆ, "ಮೇಜಿಗೆ ಕುಂತರ ಸೊಂಟ ನೋಯತೈತಿ ನಿನಗ. ಒಂದು ಚೀಲ ಮಡಚಿಕೊಂಡು ಹೋಗು, ಕೆಳಗ ಹಾಕ್ಕೊ" ಎಂದ. ಅದಕ್ಕಿಂತ ಹೆಚ್ಚು ಸಮಾಧಾನ ಹೇಳಲು ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಅಷ್ಟು ಸಾಕಾಗಿತ್ತು.

ಮರುದಿನ ಉರುಕುಂದಮ್ಮ ಮೂರನೆಯ ಮೇಜಿನಲ್ಲಿ ದಸ್ತಗಿರಮ್ಮನ ಪಕ್ಕ ಕೂತಳು. ಆರಿಸುವ ಮೇಜೆಂದರೆ ಕಾಲುಗಳಿರುವ ದೊಡ್ಡ ತಂತಿ ಜಾಲರಿ. ಹತ್ತಿಯನ್ನು ಅದರ ಮೇಲೆ ಹರಡಿ ಕೈಯಾಡಿಸಿದರೆ ಮಣ್ಣು ಕೆಳಗೆ ಉದುರುತ್ತದೆ, ಕಡ್ಡಿ, ಎಲೆಚೂರು, ಕೂದಲು, ಚೀಲದ ಎಳೆಗಳನ್ನು ಬೆರಳಿನಲ್ಲಿ ಹಿಡಿದು ತೆಗೆಯಬೇಕು. ಎಂಟು ವರ್ಷದ ಮೇಲೆ ಕೂತ ಅವಳಿಗೆ ಮೊದಲ ಒಂದು ಗಂಟೆಯಲ್ಲೇ ಬೆನ್ನು ಬಿಗಿಯಿತು. ಬೆರಳುಗಳು ಮಾತ್ರ ಏನನ್ನೂ ಮರೆತಿರಲಿಲ್ಲ.

ದಸ್ತಗಿರಮ್ಮನಿಗೆ ಐವತ್ತೈದು ಇರಬೇಕು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮೊಮ್ಮಗಳನ್ನು ಇಟ್ಟುಕೊಂಡು ಓದಿಸುತ್ತಿದ್ದಳು. ಅವಳು ಅರ್ಧ ತೆಲುಗು, ಅರ್ಧ ಕನ್ನಡ ಮಾತಾಡುವವಳು. ಆ ದಿನ ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಹತ್ತಿಯನ್ನು ಕಣ್ಣಿನ ಹತ್ತಿರ ಹಿಡಿಯದೆ, ಎಲ್ಲ ಕಾಣುವವಳ ಹಾಗೆ ದೂರದಿಂದಲೇ ಆರಿಸುತ್ತಿದ್ದಳು. ಅವಳ ಬೆರಳ ಸಂದಿನಿಂದ ಎಳೆಗಳು ಹಾಗೇ ಹಾದುಹೋಗುತ್ತಿದ್ದವು. ಉರುಕುಂದಮ್ಮ ಅವನ್ನು ಹೆಕ್ಕಿದಳು. ಆಗ ಗಮನಿಸಿದಳು, ಎದುರಿಗಿದ್ದ ಶಿವಲಕ್ಷ್ಮಿಯೂ ಹಾಗೇ ಹೆಕ್ಕುತ್ತಿದ್ದಳು. ಪಕ್ಕದವಳೂ. ಯಾರೂ ಅದನ್ನು ಹೊಸದಾಗಿ ಮಾಡುತ್ತಿರುವಂತೆ ಕಾಣಲಿಲ್ಲ.

ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ಅವಳು ಶಿವಲಕ್ಷ್ಮಿಯನ್ನು ಕೇಳಿದಳು. "ನಿಮಗ ಮೊದಲ ಗೊತ್ತಿತ್ತೇನ?"

ಶಿವಲಕ್ಷ್ಮಿ ಇಪ್ಪತ್ತಾರರ ಹುಡುಗಿ, ನೇರ ಮಾತಿನವಳು. "ದೀಪಾವಳಿಯಿಂದ ಗೊತ್ತೈತಿ ಅಕ್ಕಾ. ದಿನಾ ನಾವ ಆಕಿ ಪಾಲಿಂದೂ ಆರಸ್ತಿದ್ವಿ. ಆ ನಾಲ್ಕು ದಿನ ಲಾರಿ ಬಹಳ ಬಂದ್ವು, ನಮಗೂ ಕೈ ಸಾಲಲಿಲ್ಲ."

"ನನಗ್ಯಾಕ ಹೇಳಲಿಲ್ಲ?"

"ನಿನಗ ಹೆಂಗ ಹೇಳಾದು? ನೀನು ಮೇಸ್ತ್ರಿ."

"ನಾನು ಉಂಡಿಯೇನ, ಜ್ವರ ಐತೇನ ಅಂತ ದಿನಾ ಕೇಳಂಗಿಲ್ಲೇನ?"

"ಕೇಳ್ತಿ. ಕೇಳಿ ಪುಸ್ತಕದಾಗ ಬರಕೊಂತಿ" ಎಂದಳು ಶಿವಲಕ್ಷ್ಮಿ. "ಏನು ಬರೀತಿ ಅಂತ ನಮಗ ಗೊತ್ತಿಲ್ಲ. ಬರದದ್ದು ಆಫೀಸಿಗೆ ಹೋಗತೈತಿ ಅಂತ ಎಲ್ಲಾರಿಗೂ ಅಂಜಿಕಿ."

ಉರುಕುಂದಮ್ಮ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿದಳು. ಎಂಟು ವರ್ಷ ತಾನು ಇವರನ್ನೆಲ್ಲ ಅಂಗೈಯಷ್ಟು ಚೆನ್ನಾಗಿ ಬಲ್ಲೆ ಎಂದುಕೊಂಡಿದ್ದಳು. ಗೇಟಿನಲ್ಲಿ ಮುಖ ನೋಡಿದರೆ ಮನೆಯ ಸುದ್ದಿ ಗೊತ್ತಾಗುತ್ತದೆ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು. ಇವರು ಗೇಟಿಗೆ ಬರುವ ಮುಂಚೆ ಮುಖ ತೊಳೆದುಕೊಂಡು, ಸರಿಮಾಡಿಕೊಂಡು ಬರುತ್ತಿದ್ದರೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ವಾಗೀಶ್ ಹೇಳಿದ್ದಕ್ಕಿಂತ ಈ ಹುಡುಗಿ ಹೇಳಿದ್ದು ಹೆಚ್ಚು ನೋಯಿಸಿತು. ಆದರೆ ಹುಡುಗಿ ಹೇಳಿದ್ದು ಸುಳ್ಳಲ್ಲ.

ಮಧ್ಯಾಹ್ನ ಅವಳು ದಸ್ತಗಿರಮ್ಮನ ಕಡೆ ಬಾಗಿ, ತಿಂಗಳ ಹಿಂದೆ ಕೇಳಬೇಕಿದ್ದನ್ನು ಕೇಳಿದಳು. "ಎಷ್ಟು ಕಾಣತೈತಿ ಖರೇ ಹೇಳು."

"ಮಂಚು ಬಿದ್ದಂಗ ಐತಿ ಅಕ್ಕಾ" ಎಂದಳು ದಸ್ತಗಿರಮ್ಮ ಮೆಲ್ಲಗೆ, ಮಂಜಿಗೆ ತೆಲುಗಿನ ಮಾತು ಹಾಕಿ. "ಬಲಗಣ್ಣು ಪೂರಾ ಮಂಚು. ಎಡಗಣ್ಣಿನಾಗ ಸ್ವಲ್ಪ ಕಾಣತೈತಿ. ನಿನ್ನ ದನಿ ಕೇಳಿ ನೀನು ಅಂತ ಗುರ್ತು ಹಿಡಿತೀನಿ."

"ದವಾಖಾನಿಗೆ ತೋರಿಸ್ಬೇಕಿತ್ತು."

"ತೋರಿಸಿದ್ರ ಕಣ್ಣಿಲ್ಲ ಅಂತ ಗೊತ್ತಾಗತೈತಿ. ಗೊತ್ತಾದ್ರ ಕೆಲಸ ಯಾರು ಕೊಡ್ತಾರ?"

ಉರುಕುಂದಮ್ಮ ಅವಳ ಮುಂದಿನ ಹತ್ತಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಐದು ದಿನಕ್ಕೆ ಕೊಯಮತ್ತೂರಿನಿಂದ ಬೇಲುಗಳು ವಾಪಸ್ಸು ಬಂದವು. ತಿಪ್ಪೇಶ ಅವನ್ನು ಬಿಚ್ಚಿಸಿ ಮೇಜುಗಳ ಮೇಲೆ ಹರಡಿಸಿದ. ಒತ್ತಿ ಕಟ್ಟಿದ ಅರಳೆಯಲ್ಲಿ ಎಳೆ ಹುಡುಕುವುದು ಬೀಜ ಬಿಡಿಸದ ಹತ್ತಿಯಲ್ಲಿ ಹುಡುಕುವುದಕ್ಕಿಂತ ಕಷ್ಟ. ತಿಪ್ಪೇಶ ಮೇಜಿನಿಂದ ಮೇಜಿಗೆ ಓಡಾಡುತ್ತ "ಬೇಗ ಬೇಗ" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ. ಎರಡನೆಯ ದಿನ ವಾಗೀಶನೇ ಶೆಡ್ಡಿಗೆ ಬಂದ. ಆರಿಸಿಟ್ಟ ಅರಳೆಯನ್ನು ಹಿಂಜಿ ನೋಡಿದ. ಮೊದಲ ಹಿಡಿಯಲ್ಲೇ ಎಳೆ ಸಿಕ್ಕಿತು.

"ಇಷ್ಟು ದೊಡ್ಡದು ಕಾಣಲಿಲ್ಲೇನ್ರಿ ಯಾರಿಗೂ?"

ಉರುಕುಂದಮ್ಮ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. "ಒಂದು ತಾಸು ಕುಂದರ್ರಿ ಸಣ್ಣ ಸಾವ್ಕಾರ್ರ. ನೀವೂ ಆರಿಸಿ ನೋಡ್ರಿ."

ಅವಳ ದನಿಯಲ್ಲಿ ಕೊಂಕು ಇರಲಿಲ್ಲ, ಮನೆಗೆ ಬಂದವರಿಗೆ ಮಣೆ ಹಾಕಿದ ಹಾಗಿತ್ತು. ವಾಗೀಶ್ ಒಂದು ಗಳಿಗೆ ನಿಂತು, ಪ್ಯಾಂಟು ಮೇಲಕ್ಕೆಳೆದುಕೊಂಡು, ಅವಳು ಕೊಟ್ಟ ಮಡಚಿದ ಚೀಲದ ಮೇಲೆ ಕೂತ. ಅವನ ಮುಂದೆ ಒಂದು ಮೂಟೆಯಷ್ಟು ಅರಳೆ ಹರಡಿದರು. ಅವನು ಆರಿಸಿದ. ಕಣ್ಣು ಕಿರಿದು ಮಾಡಿದ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಸ್ವಲ್ಪ ಹೊತ್ತಿನಲ್ಲೇ ಅವನಿಗೆ ತಿಳಿಯದೆಯೇ ತಲೆಯನ್ನು ಒಂದು ಕಡೆ ವಾಲಿಸತೊಡಗಿದ. ಶಿವಲಕ್ಷ್ಮಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಒಂದು ತಾಸಿಗೆ ಅವನು ಆರು ಎಳೆ ತೆಗೆದಿದ್ದ. ಉರುಕುಂದಮ್ಮ ಅದೇ ಅರಳೆಯನ್ನು ಬುಟ್ಟಿಗೆ ತುಂಬಿಕೊಂಡು, "ಬರ್ರಿ" ಎಂದು ಶೆಡ್ಡಿನ ಮೂಡಣ ಬಾಗಿಲಿಗೆ ಕರೆದೊಯ್ದಳು. ಅಲ್ಲಿ ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಒಂದು ಹಿಡಿ ಅರಳೆ ತೆಳ್ಳಗೆ ಹಿಂಜಿ ಬಿಸಿಲಿಗೆ ಅಡ್ಡ ಹಿಡಿದಳು. ಅರಳೆ ಮಂಕಾಗಿ ಉಳಿಯಿತು, ಅದರೊಳಗೆ ಪ್ಲಾಸ್ಟಿಕ್ಕಿನ ಎಳೆಗಳು ಮೀನಿನ ಮುಳ್ಳಿನಂತೆ ಮಿಂಚಿದವು. ವಾಗೀಶ್ ಅವಳ ಹಿಡಿಯಿಂದ ಅವನ್ನು ಒಂದೊಂದಾಗಿ ಎಳೆದು ಎಣಿಸಿದ. ಹನ್ನೊಂದು.

"ಇದು ನಿಮಗ ಮೊದಲ ಗೊತ್ತಿತ್ತೇನು?"

"ಮೇಜಿಗೆ ಕುಂತಿದ್ದಾಗ ಗೊತ್ತಿತ್ರಿ. ಮೇಸ್ತ್ರಿ ಆದ ಮ್ಯಾಲ ಮರ್ತಿದ್ದೆ. ಮೊನ್ನೆ ಕುಂತಾಗ ನೆಪ್ಪಾತು."

ಅವನು ಒಳಗೆ ಬಂದು ಮೂರನೆಯ ಮೇಜಿನ ಮೇಲಿನ ಸತ್ತ ಟ್ಯೂಬ್‌ಲೈಟನ್ನು ತಲೆ ಎತ್ತಿ ನೋಡಿದ. ಆರು ಮೇಜುಗಳ ಮೇಲೆ ಹನ್ನೆರಡು ಲೈಟಿನಲ್ಲಿ ಐದು ಉರಿಯುತ್ತಿರಲಿಲ್ಲ. "ತಿಪ್ಪೇಶಾ, ಇವು ಯಾವಾಗಿಂದ ಹಿಂಗ ಅದಾವು?"

ತಿಪ್ಪೇಶ ತಡಬಡಿಸಿದ. ಆಮೇಲೆ ಸ್ಟೋರಿಗೆ ಹೋಗಿ ಒಂದು ಚೀಟಿ ತಂದು ಅವನ ಕೈಗಿಟ್ಟ. ಡಿಸೆಂಬರಿನಲ್ಲಿ ಬರೆದ ಚೀಟಿ. ಹೊಸ ಲೈಟು ಬೇಕೆಂದು ತಿಪ್ಪೇಶ ತೆಲುಗಿನಲ್ಲಿ ಬರೆದಿದ್ದ. ಅದರ ಕೆಳಗೆ ತೆಲುಗಿನಲ್ಲೇ ವಾಗೀಶನ ಕೈಬರಹ, 'ಸೀಸನ್ ಮುಗಿದ ಮೇಲೆ ನೋಡೋಣ'. ಕೆಳಗೆ ಸಹಿ.

ವಾಗೀಶ್ ಆ ಚೀಟಿಯನ್ನು ಎರಡು ಸಲ ಓದಿದ. ಶೆಡ್ಡಿನಲ್ಲಿ ನಲವತ್ತು ಜನರಿದ್ದರು. ಚೀಟಿಯಲ್ಲಿ ಏನಿದೆ ಎಂದು ಅವರಲ್ಲಿ ಯಾರೂ ಕೇಳಲಿಲ್ಲ, ಅವನು ಸುಮ್ಮನೆ ಜೇಬಿಗೆ ಹಾಕಿಕೊಂಡು ಹೋಗಬಹುದಿತ್ತು. ಉರುಕುಂದಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಆ ಚೀಟಿ ಹಿಡಿದು ನಿಲ್ಲುವುದು ಎಷ್ಟು ಭಾರ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಲೈಟು ಬ್ಯಾಡ ಅಂದಾವ ನಾನ" ಎಂದ ಅವನು, ಎಲ್ಲರಿಗೂ ಕೇಳುವಂತೆ. "ಇಲ್ಲಿ ನನ್ನ ಸೈನ್ ಐತಿ."

ಅವತ್ತು ಮಧ್ಯಾಹ್ನವೇ ಬಜಾರಪ್ಪ ಏಣಿ ಹಾಕಿ ಹೊಸ ಲೈಟು ಹಾಕತೊಡಗಿದ. ಮೂರು ಮೇಜುಗಳನ್ನು ಮೂಡಣ ಬಾಗಿಲಿಗೆ ಸರಿಸಿದರು. ಒಂಬತ್ತು ದಿನ ಕೂತು ನಲವತ್ತು ಬೇಲಿನ ಅರಳೆಯನ್ನೆಲ್ಲ ಹೆಂಗಸರು ಹೊಸದಾಗಿ ಆರಿಸಿದರು. ತಿಪ್ಪೇಶ ಕೂಗುವುದನ್ನು ನಿಲ್ಲಿಸಿದ್ದ. ಮೂರನೆಯ ದಿನ ಅವನೇ ಬಂದು, "ಅಕ್ಕಾ, ಇದು ನನ್ನ ಕೈಲಿ ಆಗಂಗಿಲ್ಲ, ನನಗ ಸ್ಟೋರ ಚಲೋ" ಎಂದು ಉರುಕುಂದಮ್ಮನ ಹತ್ತಿರ ಹೇಳಿಕೊಂಡ.

ಕೊಯಮತ್ತೂರಿಗೆ ಕಾಗದ ಬರೆಯುವುದಿತ್ತು. ರೈತರ ಚೀಲಗಳಿಂದ ಹೀಗಾಯಿತೆಂದು ಬರೆಯುವುದೇ ವಾಡಿಕೆ, ವಾಗೀಶ್ ಮೊದಲ ದಿನ ಬರೆದು ಇಟ್ಟುಕೊಂಡಿದ್ದೂ ಅದನ್ನೇ. ಅದನ್ನು ಹರಿದು ಹಾಕಿ ಉರುಕುಂದಮ್ಮನನ್ನು ಕರೆಸಿದ. ಅವಳು ಕನ್ನಡದಲ್ಲಿ ಹೇಳಿದಳು, ಅವನು ಇಂಗ್ಲಿಷಿನಲ್ಲಿ ಬರೆದ. ಬೆಳಕು ಸಾಲದೆ ಇತ್ತು, ನಮಗೆ ಗೊತ್ತಿತ್ತು, ಸರಿಪಡಿಸಲಿಲ್ಲ. ಆರಿಸುವವರ ಕಣ್ಣು ಹೇಗಿದೆ ಎಂದು ನಾವು ಕೇಳಲಿಲ್ಲ. ಈಗ ಇಂತಿಂಥದ್ದು ಮಾಡಿದ್ದೇವೆ, ಬಂದು ನೋಡಬಹುದು. ದಸ್ತಗಿರಮ್ಮನ ಹೆಸರು ಬೇಡ ಎಂದಳು ಉರುಕುಂದಮ್ಮ. ಅವನು ಬರೆಯಲಿಲ್ಲ.

ಆ ಕಾಗದದಿಂದ ಎಲ್ಲ ಸರಿಹೋಯಿತೆಂದು ಹೇಳಲಾಗದು. ಅವರು ಹೊಸದಾಗಿ ಆರಿಸಿದ ಬೇಲುಗಳಲ್ಲಿ ಅರ್ಧವನ್ನಷ್ಟೇ ತೆಗೆದುಕೊಂಡರು, ಮುಂದಿನ ಲೋಡಿಗೆ ಒಬ್ಬ ಮನುಷ್ಯನನ್ನು ಕಳಿಸಿ ಎರಡು ದಿನ ನಿಲ್ಲಿಸಿ ನೋಡಿ ಆಮೇಲೆ ಒಪ್ಪಿದರು. ವಾಗೀಶ್ ಆ ವರ್ಷ ಹೊಸ ಯಂತ್ರ ತರಿಸಲಿಲ್ಲ.

ಮಾರ್ಚಿನಲ್ಲಿ ಕಣ್ಣಿನ ಡಾಕ್ಟರೊಬ್ಬರನ್ನು ಮಿಲ್ಲಿಗೇ ಕರೆಸಿದರು. ತಪಾಸಣೆಗೆ ಯಾರೂ ಮುಂದೆ ಬರಲಿಲ್ಲ. ಎಲ್ಲರಿಗೂ ದಸ್ತಗಿರಮ್ಮನಿಗಿದ್ದ ಭಯವೇ. ಆಗ ಸೋಮಶೇಖರಪ್ಪನವರು ಮಂಡಿ ನೋವಿನಲ್ಲೇ ಬಂದು ಬೇವಿನ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. "ಕಣ್ಣು ಸರಿಯಿಲ್ಲ ಅಂತ ಒಬ್ಬಾಕಿನ್ನೂ ಬಿಡಿಸಂಗಿಲ್ಲ. ಇದು ನನ್ನ ಮಾತು. ನನ್ನ ಮಗನ ಮಾತೂ ಅದ" ಎಂದರು. ವಾಗೀಶ್ ತಲೆ ಆಡಿಸಿದ. ಆದರೂ ಸಾಲಿನಲ್ಲಿ ಮೊದಲು ನಿಂತವಳು ಉರುಕುಂದಮ್ಮನೇ. ಅವಳಿಗೇ ಹತ್ತಿರದ್ದು ನೋಡಲು ಕನ್ನಡಕ ಬೇಕೆಂದು ಗೊತ್ತಾಯಿತು. ಮೂವತ್ತಾರರಲ್ಲಿ ಹನ್ನೊಂದು ಜನಕ್ಕೆ ಕನ್ನಡಕ ಬಂತು. ದಸ್ತಗಿರಮ್ಮನಿಗೆ ಎರಡೂ ಕಣ್ಣಿನಲ್ಲಿ ಪೊರೆ.

ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಗೆ ಉರುಕುಂದಮ್ಮನೇ ಕರೆದುಕೊಂಡು ಹೋದಳು. ಹೊರಗಿನ ಬೆಂಚಿನ ಮೇಲೆ ದಸ್ತಗಿರಮ್ಮ ಅವಳ ಕೈಯನ್ನು ಬಿಡದೆ ಹಿಡಿದಿದ್ದಳು.

"ನಿನ್ನ ಮ್ಯಾಲ ನನಗ ಸಿಟ್ಟಿತ್ತು ಅಕ್ಕಾ" ಎಂದಳು ಇದ್ದಕ್ಕಿದ್ದಂತೆ. "ನನ್ನ ಕಣ್ಣಿಂದು ನೀನು ಆಫೀಸಿನಾಗ ಓದಿದಿ ಅಂತ ತಿಳಿದಾಗ."

"ಇರಬೇಕಾದ್ದ. ನಿನ್ನನ್ನ ಕೇಳದ ಓದಿದೆ."

"ಓದಲಿಲ್ಲಂದ್ರ ನಾನು ಇಲ್ಲಿ ಬರ್ತಿರಲಿಲ್ಲ." ಹಿಡಿದ ಕೈಯನ್ನೊಮ್ಮೆ ಅದುಮಿ, "ಆದರೂ ಸಿಟ್ಟಿತ್ತು" ಎಂದಳು.

"ಇರಲಿ ಬಿಡು" ಎಂದಳು ಉರುಕುಂದಮ್ಮ. ಇಬ್ಬರೂ ನಕ್ಕರು.

ತಿಂಗಳು ಬಿಟ್ಟು ದಸ್ತಗಿರಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಗೇಟಿನಲ್ಲಿ ಬಂದು ನಿಂತಾಗ ಸೀಸನ್ನು ಮುಗಿಯುತ್ತ ಬಂದಿತ್ತು. ಕನ್ನಡಕ ಮೇಲೆತ್ತಿ ಉರುಕುಂದಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಯ್ಯ ದೇವರೇ, ನಿನ್ನ ತಲಿ ಇಷ್ಟು ಬೆಳ್ಳಗ ಯಾವಾಗ ಆತು ಅಕ್ಕಾ?" ಎಂದಳು. ಕಾಟಾದ ಮೇಲೆ ಲಾರಿ ತೂಗುತ್ತಿದ್ದವರೂ ನಕ್ಕುಬಿಟ್ಟರು.

ಮೇಸ್ತ್ರಿ ಕೆಲಸಕ್ಕೆ ವಾಪಸ್ಸು ಬರಬೇಕೆಂದು ವಾಗೀಶ್ ಕೇಳಿದಾಗ ಉರುಕುಂದಮ್ಮ ತಕ್ಷಣ ಹೂಂ ಎನ್ನಲಿಲ್ಲ. ಒಂದು ದಿನ ಯೋಚಿಸಿ, ದಿನಕ್ಕೆ ಎರಡು ತಾಸು ತಾನು ಯಾವುದಾದರೊಂದು ಮೇಜಿನಲ್ಲಿ ಕೂತು ಆರಿಸುತ್ತೇನೆ, ಅದಕ್ಕೆ ಒಪ್ಪಿದರೆ ಬರುತ್ತೇನೆ ಎಂದಳು. ಅವನು ಒಪ್ಪಿದ. ಇನ್ನೊಂದನ್ನು ಅವಳು ಯಾರನ್ನೂ ಕೇಳದೆ ಮಾಡಿದಳು. ಸಂಜೆ ಕೈಕಾಲು ತೊಳೆಯುವ ಹೊತ್ತಿಗೆ, ಅವತ್ತು ಬರೆದದ್ದನ್ನು ಬೇವಿನ ಮರದ ಕೆಳಗೆ ಎಲ್ಲರ ಮುಂದೆ ಗಟ್ಟಿಯಾಗಿ ಓದತೊಡಗಿದಳು. ಮೊದಮೊದಲು ಹೆಂಗಸರು ಕಿವಿ ನಿಮಿರಿಸಿ ಕೇಳಿದರು. ಆಮೇಲಾಮೇಲೆ, "ಅದನ್ನ ಹಂಗ ಬರೀಬ್ಯಾಡ ಅಕ್ಕಾ, ಹಿಂಗ ಬರಿ" ಎಂದು ತಿದ್ದತೊಡಗಿದರು. ಮನೆಯ ಜಗಳದ ಸುದ್ದಿ ಬರೆಯುವುದನ್ನು ಅವಳು ಪೂರ್ತಿ ಬಿಟ್ಟಳು.

ಈ ವರ್ಷದ ಸೀಸನ್ನು ದೀಪಾವಳಿ ಕಳೆದು ನಾಲ್ಕು ದಿನಕ್ಕೆ ಶುರುವಾಯಿತು. ಚಿಪ್ಪಗಿರಿಯ ಕಡೆಯಿಂದ ಬಂದು ಅಕ್ಕನ ಮನೆಯಲ್ಲಿರುವ ಮಹಾಲಕ್ಷ್ಮಿ ಎಂಬ ಹೊಸ ಹೆಂಗಸು ಮೊದಲ ದಿನ ಗೇಟಿಗೆ ಬಂದಳು. ಉರುಕುಂದಮ್ಮ ಏನನ್ನಾದರೂ ಕೇಳುವ ಮೊದಲೇ ಅವಳು ನಿಂತು, ಸೆರಗಿನ ಅಂಚು ತಿರುವುತ್ತಾ, "ಅಕ್ಕಾ, ನನಗ ಎಡಗಿವಿ ಕೇಳಸಂಗಿಲ್ಲ. ಇಲ್ಲಿ ಮೊದಲ ಹೇಳಿಬಿಡಬೇಕು ಅಂತ ಅಂದ್ರು" ಎಂದಳು.

"ಯಾರು ಅಂದ್ರು?"

"ಆಟೋದಾಗ ಶಿವಲಕ್ಷ್ಮಿ ಅಂತ ಒಬ್ಬಾಕಿ."

ಉರುಕುಂದಮ್ಮ ಅವಳನ್ನು ಒಳಗೆ ಕರೆದೊಯ್ದಳು. ಐದನೆಯ ಮೇಜಿನ ಎಡತುದಿಯಲ್ಲಿ, ಎಲ್ಲರೂ ಅವಳ ಬಲಗಡೆಗೆ ಬರುವ ಹಾಗೆ ಕೂರಿಸಿದಳು. ಬಜಾರಪ್ಪನನ್ನು ಕರೆದು, ಯಂತ್ರ ಶುರುಮಾಡುವ ಮುಂಚೆ ಸೀಟಿ ಊದಿದರೆ ಸಾಲದು, ಇವಳ ಕಡೆ ನೋಡಿ ಕೈಯನ್ನೂ ಎತ್ತಬೇಕು ಎಂದು ಹೇಳಿದಳು. ಬಜಾರಪ್ಪ ಅಲ್ಲಿಂದಲೇ ಒಮ್ಮೆ ಕೈ ಎತ್ತಿ ತೋರಿಸಿದ. ಮಹಾಲಕ್ಷ್ಮಿಯೂ ಕೈ ಎತ್ತಿದಳು. ಮೊದಲ ರಾಶಿಯ ಹತ್ತಿ ಮೇಜಿಗೆ ಬಂತು.